ಸಕ್ಕರೆಯ ಧ್ವಜ, ಹಿಟ್ಟಿನ ಕೋಳಿ

ರಾಷ್ಟ್ರೀಯ ಹಬ್ಬದ ದಿನ ಕತ್ತರಿಸುವ ಕೇಕಿನ ಮೇಲೆ ದೇಶದ ಧ್ವಜವನ್ನು ಸಕ್ಕರೆಯಲ್ಲಿ ರೂಪಿಸಿ ಹೊದಿಸುವ ಪದ್ಧತಿ ಅಮೆರಿಕದ ಜುಲೈ 4ರ ಆಚರಣೆಯಲ್ಲಿ ಬಹಳ ಪರಿಚಿತವಾದುದು. ಭಾರತದ ನಗರಗಳಲ್ಲಿಯೂ ಆಗಸ್ಟ್ 15 ಮತ್ತು ಜನವರಿ 26 ಸಮೀಪಿಸಿದಂತೆ ಬೇಕರಿಗಳ ಗಾಜಿನ ಕಪಾಟಿನಲ್ಲಿ ತ್ರಿವರ್ಣದ ಕೇಕುಗಳು ಕಾಣಿಸಿಕೊಳ್ಳುತ್ತವೆ. ಈ ಅಲಂಕಾರಕ್ಕೆ ಬಳಸುವ ಫಾಂಡಂಟ್ ಎಂಬುದು ನುಣ್ಣನೆಯ ಐಸಿಂಗ್ ಸಕ್ಕರೆಗೆ ಗ್ಲೂಕೋಸ್ ಪಾಕ, ಗ್ಲಿಸರಿನ್, ಜೆಲಟಿನ್ ಮತ್ತು ನೀರನ್ನು ಸೇರಿಸಿ ನಾದಿದ, ಹೋಳಿಗೆಯ ಕಣಕದಷ್ಟು ಮೆತುವಾದ ಮುದ್ದೆ. ಕೇಸರಿ, ಬಿಳಿ, ಹಸಿರು ಬಣ್ಣಗಳ ಮೂರು ಪಟ್ಟಿಗಳನ್ನು ಒಂದೇ ದಪ್ಪಕ್ಕೆ ಲಟ್ಟಿಸಿ, ಅಂಚಿಗೆ ನೀರು ಸವರಿ ಕೂಡಿಸಿ, ಮೇಲೆ ಹಗುರವಾಗಿ ಲಟ್ಟಣಿಗೆ ಆಡಿಸಿದರೆ ಮೂರೂ ಒಂದೇ ಹಾಳೆಯಾಗುತ್ತವೆ. ಆ ಹಾಳೆಯನ್ನು 3:2 ಪ್ರಮಾಣಕ್ಕೆ ಕತ್ತರಿಸಿ, ನಡುವೆ 24 ಅರಗಳ ಚಕ್ರವನ್ನು ನೀಲಿಯಲ್ಲಿ ಬರೆದು, ಇನ್ನೂ ಬಾಗುವಷ್ಟು ಹಸಿಯಾಗಿರುವಾಗಲೇ ಸುತ್ತಿದ ಕಾಗದದ ಆಸರೆಗಳ ಮೇಲೆ ಇಳಿಬಿಟ್ಟು ಒಣಗಿಸಿದರೆ, ಗಾಳಿಗೆ ಅಲೆಯೆದ್ದ ಬಟ್ಟೆಯ ನೆರಿಗೆಗಳು ಸಕ್ಕರೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ಜನವರಿಯ ಒಣ ಹವೆಯಲ್ಲಿ ಈ ಕೆಲಸ ಸಲೀಸು; ಆಗಸ್ಟಿನ ಮಳೆಗಾಲದಲ್ಲಿ ಸಕ್ಕರೆ ಗಾಳಿಯ ತೇವವನ್ನು ಹೀರಿಕೊಂಡು ಬೆವರುತ್ತದೆ, ನೆರಿಗೆಗಳು ಕುಸಿಯುತ್ತವೆ, ಕೇಸರಿ ಬಿಳಿಯೊಳಕ್ಕೆ ಇಳಿಯುತ್ತದೆ, ಆದ್ದರಿಂದ ಸ್ವಾತಂತ್ರ್ಯದ ದಿನದ ಧ್ವಜವನ್ನು ಗಣರಾಜ್ಯದ ದಿನದ ಧ್ವಜಕ್ಕಿಂತ ಹೆಚ್ಚಿನ ಎಚ್ಚರದಿಂದ ಮಾಡಬೇಕಾಗುತ್ತದೆ.

ಇಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ಮರುದಿನ ಚಾಕುವಿನಿಂದ ಕೊಯ್ದು, ಹಂಚಿ, ತಿನ್ನಲಾಗುತ್ತದೆ. ಹಾಗಾದರೆ ಅಲ್ಲಿ ಕತ್ತರಿಸಲ್ಪಟ್ಟದ್ದು ಧ್ವಜವೇ, ಅಥವಾ ಧ್ವಜದ ಆಕಾರ ತಳೆದ ಸಕ್ಕರೆಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಒಂದು ವಸ್ತು ಮತ್ತೊಂದನ್ನು ಪ್ರತಿನಿಧಿಸುವಾಗ ಮೂಲಕ್ಕೆ ಸಲ್ಲುವ ಗೌರವ ಪ್ರತಿನಿಧಿಗೆಷ್ಟು ಸಲ್ಲುತ್ತದೆ, ಪ್ರತಿನಿಧಿಗೆ ಮಾಡಿದ್ದು ಮೂಲಕ್ಕೆ ಎಷ್ಟು ತಾಗುತ್ತದೆ ಎಂಬುದು ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ ವಿಷಯ. ಕನ್ನಡ ಸಾಹಿತ್ಯವಂತೂ ಅದರ ಮೇಲೆ ಒಂದು ಇಡೀ ಕಾವ್ಯವನ್ನೇ ಕಟ್ಟಿದೆ.

ಮೊದಲು ಹೊದಿಸುವ ಕ್ರಿಯೆಯನ್ನೇ ನೋಡಬೇಕು, ಏಕೆಂದರೆ ಕೇಕಿನ ಕಲೆಯಲ್ಲಿ ಅತ್ಯಂತ ಸುಂದರವೆನಿಸುವ ನೆರಿಗೆಯೇ ಧ್ವಜದ ನಿಯಮಗಳಲ್ಲಿ ಅತ್ಯಂತ ನಿರ್ಬಂಧಿತವಾದುದು. 1923ರಲ್ಲಿ ರೂಪುಗೊಂಡು 1942ರಲ್ಲಿ ಸಂಸತ್ತಿನ ಮನ್ನಣೆ ಪಡೆದ ಅಮೆರಿಕದ ಧ್ವಜಸಂಹಿತೆ ಧ್ವಜವನ್ನು ತೋರಣದಂತೆ ಕಟ್ಟಬಾರದು, ನೆರಿಗೆ ಹಿಡಿದು ಎಳೆದು ಕಟ್ಟಬಾರದು, ಅದು ತಾನಾಗಿ ಇಳಿಬೀಳುವಂತೆ ಬಿಡಬೇಕು ಎಂದು ಹೇಳುತ್ತದೆ. ಅಲಂಕಾರ ಬೇಕೆನಿಸಿದವರಿಗಾಗಿ ನೀಲಿ, ಬಿಳಿ, ಕೆಂಪು ಬಣ್ಣಗಳ ಬೇರೆ ಬಟ್ಟೆಯನ್ನು ಸೂಚಿಸುತ್ತದೆ. ಅಂದರೆ ಧ್ವಜಕ್ಕೂ ಧ್ವಜದ ಬಣ್ಣಗಳಿಗೂ ನಡುವೆ ಅದು ಒಂದು ಗೆರೆ ಎಳೆಯುತ್ತದೆ, ಉತ್ಸವದ ಉತ್ಸಾಹವನ್ನು ಬಣ್ಣಗಳ ಕಡೆಗೆ ತಿರುಗಿಸಿ ಧ್ವಜವನ್ನು ಅದರಿಂದ ಕಾಪಾಡುತ್ತದೆ. ಭಾರತದಲ್ಲಿ 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯಿದೆ ಧ್ವಜವನ್ನು ಹೊದಿಕೆಯಾಗಿ ಬಳಸುವುದನ್ನು ಒಂದೇ ಸಂದರ್ಭದಲ್ಲಿ ಒಪ್ಪುತ್ತದೆ: ಸರ್ಕಾರಿ ಗೌರವದ, ಅಥವಾ ಸೇನೆ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆಯಲ್ಲಿ. ಅಲ್ಲಿಯೂ ಧ್ವಜ ಶವದೊಂದಿಗೆ ಸಮಾಧಿಗೆ ಇಳಿಯುವುದಿಲ್ಲ, ಚಿತೆಯೇರುವುದಿಲ್ಲ. ಅದನ್ನು ಮೊದಲೇ ತೆಗೆಯಲಾಗುತ್ತದೆ. ಹೀಗೆ ಹೊದಿಸಿದ ಧ್ವಜ ಎಂಬ ರೂಪಕ್ಕೆ ಸಾರ್ವಜನಿಕ ಜೀವನದಲ್ಲಿ ದೊರೆತಿರುವ ಅರ್ಥ ಬಲಿದಾನದ ಅರ್ಥ, ಮತ್ತು ಕೇಕಿನ ಮೇಲೆ ಅದನ್ನು ಇಳಿಬಿಡುವವರು ಗಾಳಿಯಲ್ಲಿ ಹಾರುವ ಧ್ವಜವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೂ ನೋಡುವವರಲ್ಲಿ ಒಬ್ಬ ಸೈನಿಕನ ತಾಯಿಯಿದ್ದರೆ ಅವಳಿಗೆ ಕಾಣುವುದು ಬೇರೆಯದೇ ಆಗಿರಬಹುದು.

ಅದೇ ಕಾಯಿದೆಯ ಇನ್ನೊಂದು ವಿವರಣೆ ತಾತ್ವಿಕವಾಗಿ ಇನ್ನೂ ಮಹತ್ತ್ವದ್ದು. ರಾಷ್ಟ್ರಧ್ವಜವೆಂದರೆ ಕಂಬದ ಮೇಲಿನ ಬಟ್ಟೆ ಮಾತ್ರವಲ್ಲ, ಯಾವುದೇ ವಸ್ತುವಿನಿಂದ ಮಾಡಿದ ಅಥವಾ ಯಾವುದೇ ವಸ್ತುವಿನ ಮೇಲೆ ಮೂಡಿಸಿದ, ಧ್ವಜದ ಅಥವಾ ಅದರ ಒಂದು ಭಾಗದ ಕಣ್ಣಿಗೆ ಕಾಣುವ ಪ್ರತಿರೂಪವೂ ಧ್ವಜವೇ ಎಂದು ಅದು ವಿವರಿಸುತ್ತದೆ. ಈ ವ್ಯಾಖ್ಯೆಯ ಪ್ರಕಾರ ಸಕ್ಕರೆಯ ಧ್ವಜ ನಿಸ್ಸಂದೇಹವಾಗಿ ಧ್ವಜ. 2003ರಲ್ಲಿ ಸೇರಿಸಿ 2005ರಲ್ಲಿ ತಿದ್ದಿದ ಪಟ್ಟಿಯು ದಿಂಬು, ಕರವಸ್ತ್ರ, ಊಟದ ಮೇಜಿನ ಕೈವಸ್ತ್ರಗಳ ಮೇಲೆ ಧ್ವಜವನ್ನು ಮೂಡಿಸಬಾರದೆಂದು ಹೆಸರಿಸಿ ಹೇಳಿತಾದರೂ, ಕೈ ಒರೆಸುವ ಬಟ್ಟೆಯ ಪಕ್ಕದಲ್ಲೇ ಇರುವ ತಟ್ಟೆಯ ವಿಷಯದಲ್ಲಿ ಅದು ಮೌನವಾಗಿದೆ.

ಆ ಮೌನದೊಳಗೆ ಕೋಯಮತ್ತೂರಿನ ಪ್ರಕರಣ ಹುಟ್ಟಿತು. 2013ರ ಕ್ರಿಸ್‌ಮಸ್ ದಿನ ಅಲ್ಲಿ ನಡೆದ ಒಂದು ಸಮಾರಂಭದಲ್ಲಿ ಆರು ಅಡಿ ಉದ್ದ, ಐದು ಅಡಿ ಅಗಲದ ಕೇಕಿನ ಮೇಲೆ ಭಾರತದ ನಕ್ಷೆಯನ್ನು ತ್ರಿವರ್ಣದಲ್ಲಿ, ನಡುವೆ ಅಶೋಕ ಚಕ್ರದೊಂದಿಗೆ ಬಿಡಿಸಲಾಗಿತ್ತು. ಹಿರಿಯ ಅಧಿಕಾರಿಗಳೂ ಧಾರ್ಮಿಕ ಮುಖಂಡರೂ ಇದ್ದ ಸಭೆಯಲ್ಲಿ ಅದನ್ನು ಕತ್ತರಿಸಿ ಸುಮಾರು 2500 ಮಂದಿಗೆ ಹಂಚಲಾಯಿತು. ಇದು ಧ್ವಜಕ್ಕೆ ಮಾಡಿದ ಅಪಮಾನವೆಂಬ ದೂರು ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ 2021ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಆ ಮೊಕದ್ದಮೆಯನ್ನು ರದ್ದುಪಡಿಸಿದರು. ದೇಶಪ್ರೇಮವನ್ನು ಹೊರಗಿನ ಕ್ರಿಯೆಯಿಂದ ಅಳೆಯಲಾಗದು, ಕ್ರಿಯೆಯ ಹಿಂದಿನ ಉದ್ದೇಶವೇ ನಿಜವಾದ ಒರೆಗಲ್ಲು ಎಂಬುದು ತೀರ್ಪಿನ ಸಾರ. ಸಮಾರಂಭ ಮುಗಿಸಿ ಹೊರಟವರಲ್ಲಿ ದೇಶದ ಬಗ್ಗೆ ಹೆಮ್ಮೆ ಉಳಿದಿತ್ತೇ ಅಥವಾ ಕೇಕು ಕತ್ತರಿಸಿದ ಮಾತ್ರಕ್ಕೆ ದೇಶದ ಘನತೆ ಕುಗ್ಗಿತೇ ಎಂದು ಕೇಳಿಕೊಂಡ ನ್ಯಾಯಾಲಯ, ಹೆಮ್ಮೆಯೇ ಉಳಿದಿತ್ತೆಂದು ಉತ್ತರಿಸಿತು. ಕಾನೂನಿನ ಮಟ್ಟಿಗೆ ಈ ತೀರ್ಪು ಸರಿಯಾದುದು, ಮಾನವೀಯವಾದುದು ಕೂಡ. ಆದರೆ ಉದ್ದೇಶವೇ ಒರೆಗಲ್ಲು ಎಂದ ಮಾತ್ರಕ್ಕೆ ತಾತ್ವಿಕ ಪ್ರಶ್ನೆ ಮುಗಿಯುವುದಿಲ್ಲ. ಅದು ಆರಂಭವಾಗುವುದೇ ಅಲ್ಲಿಂದ.

ನ್ಯಾಯದರ್ಶನದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಪದದ ಅರ್ಥವೇನು ಎಂಬ ಚರ್ಚೆಯಿದೆ. ‘ಹಸು’ ಎಂಬ ಮಾತು ಸೂಚಿಸುವುದು ಎದುರಿಗಿರುವ ಬಿಡಿ ಪ್ರಾಣಿಯನ್ನೇ, ಅಂದರೆ ವ್ಯಕ್ತಿಯನ್ನೇ? ಅಥವಾ ಗಂಗೆದೊಗಲು, ಕೊಂಬು, ಬಾಲಗಳ ಜೋಡಣೆಯನ್ನೇ, ಅಂದರೆ ಆಕೃತಿಯನ್ನೇ? ಅಥವಾ ಎಲ್ಲ ಹಸುಗಳಲ್ಲಿಯೂ ಸಮಾನವಾಗಿರುವ ಗೋತ್ವವನ್ನೇ, ಅಂದರೆ ಜಾತಿಯನ್ನೇ? ಆ ಚರ್ಚೆಯ ನಡುವೆ ಮಣ್ಣಿನ ಹಸುವಿನ ದೃಷ್ಟಾಂತ ಬರುತ್ತದೆ. ಮಣ್ಣಿನ ಹಸುವಿಗೆ ವ್ಯಕ್ತಿಯೂ ಇದೆ, ಆಕೃತಿಯೂ ಇದೆ, ಆದರೂ ಯಜ್ಞದಲ್ಲಿ ಹಸುವಿಗೆ ನೀರು ಪ್ರೋಕ್ಷಿಸಬೇಕೆಂದಾಗ ಯಾರೂ ಮಣ್ಣಿನ ಹಸುವಿಗೆ ಪ್ರೋಕ್ಷಿಸುವುದಿಲ್ಲ, ಹಸುವನ್ನು ದಾನ ಮಾಡಬೇಕೆಂದಾಗ ಮಣ್ಣಿನದನ್ನು ಕೊಡುವುದಿಲ್ಲ, ಅದರಲ್ಲಿಲ್ಲದ್ದು ಗೋತ್ವ. ಅಂತಿಮವಾಗಿ ಗೌತಮ ಮೂರನ್ನೂ ಪದಾರ್ಥವೆಂದು ಒಪ್ಪುತ್ತಾನಾದರೂ ಮಣ್ಣಿನ ಹಸು ಒಡ್ಡಿದ ಸವಾಲು ಹಾಗೆಯೇ ಉಳಿಯುತ್ತದೆ. ಈ ಅಳತೆಗೋಲನ್ನು ನೇರವಾಗಿ ಇಟ್ಟರೆ ಸಕ್ಕರೆಯ ಧ್ವಜ ಧ್ವಜದ ಆಕೃತಿ ಮಾತ್ರ, ಅದಕ್ಕೆ ವಂದನೆಯೂ ಸಲ್ಲದು, ಅಪಮಾನವೂ ತಾಗದು ಎಂದು ಹೇಳಬೇಕಾಗುತ್ತದೆ.

ಆದರೆ ಈ ಅಳತೆಗೋಲು ಇಲ್ಲಿ ಹೊಂದುವುದಿಲ್ಲ, ಮತ್ತು ಹೊಂದದಿರುವುದಕ್ಕೆ ಕಾರಣವನ್ನೂ ನೈಯಾಯಿಕರ ಪರಿಭಾಷೆಯೇ ಒದಗಿಸುತ್ತದೆ. ಅವರು ವಸ್ತುವಿನಲ್ಲಿ ಸ್ವತಃ ಇರುವ ಜಾತಿಗೂ, ಹೊರಗಿನ ನಿಮಿತ್ತದಿಂದ ಅದಕ್ಕೆ ಬಂದು ಸೇರುವ ಉಪಾಧಿಗೂ ವ್ಯತ್ಯಾಸ ಮಾಡುತ್ತಾರೆ. ಹಸುವಿನಲ್ಲಿ ಗೋತ್ವ ಹುಟ್ಟಿನಿಂದ ಬಂದದ್ದು. ಧ್ವಜದಲ್ಲಿ ಧ್ವಜತ್ವ ಹಾಗಲ್ಲ, ಅದು 1947ರ ಜುಲೈ 22ರಂದು ಸಂವಿಧಾನ ಸಭೆ ಅಂಗೀಕರಿಸಿದ ನಿರ್ಣಯದಿಂದ ಬಂದ ಉಪಾಧಿ. ಅದಕ್ಕೆ ಹಿಂದಿನ ದಿನ ಅದೇ ಬಟ್ಟೆ, ಅದೇ ಬಣ್ಣ ಇದ್ದರೂ ಅದು ರಾಷ್ಟ್ರಧ್ವಜವಾಗಿರಲಿಲ್ಲ. ಆದ್ದರಿಂದ ಬಟ್ಟೆಯ ಧ್ವಜವನ್ನು ನಿಜವಾದ ಹಸುವಿನ ಸ್ಥಾನದಲ್ಲಿಯೂ ಸಕ್ಕರೆಯದನ್ನು ಮಣ್ಣಿನ ಹಸುವಿನ ಸ್ಥಾನದಲ್ಲಿಯೂ ನಿಲ್ಲಿಸುವುದೇ ತಪ್ಪು. ದೇಶವೆಂಬ ಮೂಲದ ಎದುರು ಬಟ್ಟೆಯೂ ಮಣ್ಣಿನ ಹಸುವೇ.

ಕರ್ನಾಟಕದ ಓದುಗರಿಗೆ ಈ ಮಾತು ಸುಲಭವಾಗಿ ರುಚಿಸದಿರಬಹುದು, ಏಕೆಂದರೆ ಧ್ವಜದ ಬಟ್ಟೆಯೊಂದಿಗೆ ಈ ನಾಡಿನ ನಂಟು ಆಳವಾದುದು. ಧಾರವಾಡ ಜಿಲ್ಲೆಯ ಗರಗದಲ್ಲಿ ಧ್ವಜಕ್ಕಾಗಿಯೇ ಖಾದಿ ನೇಯಲಾಗುತ್ತದೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಭಾರತೀಯ ಮಾನಕ ಸಂಸ್ಥೆಯ ಅಳತೆಗೆ ತಕ್ಕಂತೆ ಧ್ವಜಗಳನ್ನು ಹೊಲಿದು ದೇಶಕ್ಕೆಲ್ಲ ಕಳಿಸುತ್ತ ಬಂದಿದೆ, ಮತ್ತು ಅಲ್ಲಿ ನೂಲುವ, ಹೊಲಿಯುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವು. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ದೊರೆತಾಗ ಅಲ್ಲಿ ಎದ್ದ ಆತಂಕ ಕೇವಲ ಸಂಬಳದ ಆತಂಕವಾಗಿರಲಿಲ್ಲ. ಕೈನೂಲಿನ ಖಾದಿಯಲ್ಲಿ ಒಂದು ಸಂಕಲ್ಪ ನೇಯ್ದುಕೊಂಡಿದೆ, ಅದು ಬೇರೆ ಬಟ್ಟೆಗೆ ಬರಲಾರದು ಎಂಬ ನಂಬಿಕೆ ಅದರಲ್ಲಿತ್ತು. ಆ ನಂಬಿಕೆ ಗೌರವಕ್ಕೆ ಯೋಗ್ಯವಾದುದು. ಆದರೂ ಅದು ಹೇಳುವುದು ಖಾದಿಯ ಎಳೆಯಲ್ಲಿ ಪಾವಿತ್ರ್ಯವಿದೆ ಎಂದಲ್ಲ, ಎಳೆಯನ್ನು ತೆಗೆದ ಶ್ರಮದಲ್ಲಿ, ಆ ಶ್ರಮದ ಹಿಂದಿನ ನಿಷ್ಠೆಯಲ್ಲಿ ಇದೆ ಎಂದು; ಆ ನಿಷ್ಠೆಯಿಂದ ಲಟ್ಟಿಸಿದ ಸಕ್ಕರೆಗೆ ಅದೇ ಮಾತನ್ನು ನಿರಾಕರಿಸಲು ತರ್ಕದಲ್ಲಿ ಆಧಾರವಿಲ್ಲ. ಮಣ್ಣಿನ ಹಸುವಿಗೆ ಪ್ರೋಕ್ಷಣೆಯಿಲ್ಲ ಎಂದ ಸೂತ್ರಕ್ಕೆ ಉತ್ತರ ಕರ್ನಾಟಕದ ರೈತರು ಪ್ರತಿವರ್ಷ ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕೊಡುತ್ತಲೇ ಇದ್ದಾರೆ: ಅಂದು ಮಣ್ಣಿನಿಂದ ಮಾಡಿದ ಎತ್ತುಗಳಿಗೆ ಪೂಜೆ, ನೈವೇದ್ಯ ಎಲ್ಲವೂ ಸಲ್ಲುತ್ತವೆ, ಮತ್ತು ಕೊಟ್ಟಿಗೆಯಲ್ಲಿರುವ ಎತ್ತು ಬೇರೆ, ಜಗಲಿಯ ಮೇಲಿರುವ ಎತ್ತು ಬೇರೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಪ್ರತಿನಿಧಿಯ ಪ್ರಶ್ನೆಯನ್ನು ಇನ್ನೂ ನಿಷ್ಠುರವಾಗಿ ಎದುರಿಸಿದವರು ಮೀಮಾಂಸಕರು, ಅಂದರೆ ವೈದಿಕ ಕರ್ಮದ ಅರ್ಥವನ್ನು ನಿರ್ಣಯಿಸುವ ಶಾಸ್ತ್ರದವರು. ಯಜ್ಞಕ್ಕೆ ವಿಧಿಸಿದ ಭತ್ತ ಸಿಗದಿದ್ದರೆ ಕಾಡುಭತ್ತವಾದ ನೀವಾರವನ್ನು, ಸೋಮಲತೆ ಸಿಗದಿದ್ದರೆ ಪೂತಿಕವೆಂಬ ಬಳ್ಳಿಯನ್ನು ಬಳಸಬಹುದೆಂದು ಅವರು ಒಪ್ಪಿದರು. ಆದರೆ ದೇವತೆಗೆ, ಅಗ್ನಿಗೆ, ಮಂತ್ರಕ್ಕೆ, ಕ್ರಿಯೆಗೆ ಪ್ರತಿನಿಧಿಯಿಲ್ಲ ಎಂದು ಗೆರೆ ಎಳೆದರು. ದ್ರವ್ಯ ಬದಲಾಗಬಹುದು, ಆದರೆ ಯಾರಿಗಾಗಿ ಮತ್ತು ಏನನ್ನು ಮಾಡಲಾಗುತ್ತಿದೆ ಎಂಬುದು ಬದಲಾಗುವಂತಿಲ್ಲ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನಲ್ಲಿ ರೂಪಿಸಿದ ಪಿಷ್ಟಪಶುವನ್ನು ಅರ್ಪಿಸುವ ಕ್ರಮವನ್ನು ಎತ್ತಿಹಿಡಿದದ್ದು ಈ ಹಿನ್ನೆಲೆಯಲ್ಲಿಯೇ ಅರ್ಥವಾಗುತ್ತದೆ. ಅಲ್ಲಿ ಹಿಟ್ಟು ಒಂದು ಪ್ರಾಣವನ್ನು ಉಳಿಸುತ್ತದೆ, ಕರ್ಮವನ್ನೂ ಕೆಡಿಸುವುದಿಲ್ಲ.

ಅದೇ ಶತಮಾನದ ಆರಂಭದಲ್ಲಿ, 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ ಜನ್ನ ‘ಯಶೋಧರ ಚರಿತೆ’ಯನ್ನು ಬರೆದ. ಹತ್ತನೆಯ ಶತಮಾನದ ಸೋಮದೇವಸೂರಿಯೂ ಸೇರಿದಂತೆ ಅನೇಕ ಜೈನ ಕವಿಗಳು ಹೇಳಿದ ಕಥೆಯಿದು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಅದನ್ನು ಮತ್ತೆ ಎತ್ತಿಕೊಂಡರು. ರಾಣಿ ಅಮೃತಮತಿ ಮಾವುತನೊಬ್ಬನಿಗೆ ಮನಸೋತದ್ದನ್ನು ಕಣ್ಣಾರೆ ಕಂಡ ರಾಜ ಯಶೋಧರ, ತಾಯಿ ಚಂದ್ರಮತಿಗೆ ಅದನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ, ಜಿನಧರ್ಮದಲ್ಲಿ ಒಲವಿದ್ದ ಮಗ ಒಪ್ಪುವುದಿಲ್ಲ, ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನ ಕೋಳಿಯನ್ನು ಮಾಡಿ ಬಲಿ ಕೊಡುವುದು. ಆ ಕೋಳಿಯನ್ನು ಎಷ್ಟು ಚೆಲುವಾಗಿ ಮಾಡಿ ಬಣ್ಣ ಹಚ್ಚಿದ್ದರೆಂದರೆ ಕತ್ತಿ ಬಿದ್ದಾಗ ಅದು ಜೀವವಿದ್ದ ಕೋಳಿಯಂತೆ ಕೂಗಿತು. ಆ ಒಂದು ಏಟಿಗಾಗಿ ತಾಯಿಯೂ ಮಗನೂ ನವಿಲಾಗಿ, ನಾಯಾಗಿ, ಹಾವಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಜನ್ಮದಿಂದ ಜನ್ಮಕ್ಕೆ ಕೊಲ್ಲಲ್ಪಡುತ್ತ ಅಲೆಯಬೇಕಾಯಿತು.

ಜೈನ ಶಾಸ್ತ್ರ ಇದನ್ನು ಸಂಕಲ್ಪಹಿಂಸೆ ಎನ್ನುತ್ತದೆ, ಅಂದರೆ ಕೊಲ್ಲುವ ನಿಶ್ಚಯದಿಂದಲೇ ಆದ ಹಿಂಸೆ. ಒಂದು ಜೀವ ನಿಜವಾಗಿ ಹೋದಾಗಿನ ದ್ರವ್ಯಹಿಂಸೆಗಿಂತ, ಮನಸ್ಸಿನಲ್ಲಿ ಕೊಲೆ ನಡೆದಾಗಿನ ಭಾವಹಿಂಸೆಯೇ ಕರ್ಮವನ್ನು ಅಂಟಿಸುತ್ತದೆ. ಯಶೋಧರನ ತಪ್ಪು ಹಿಟ್ಟನ್ನು ಕತ್ತರಿಸಿದ್ದಲ್ಲ. ಕೋಳಿಯೆಂಬ ಭಾವದಿಂದ ಕತ್ತರಿಸಿ, ದೇವಿಗೆ ಕೋಳಿಯ ಫಲವನ್ನೇ ಬೇಡಿ, ಪಾಪದ ಲೆಕ್ಕ ಬಂದಾಗ ಮಾತ್ರ ಅದು ಹಿಟ್ಟು ಎಂದು ತಪ್ಪಿಸಿಕೊಳ್ಳಲು ನೋಡಿದ್ದು ಅವನ ತಪ್ಪು. ಕೋಳಿಯ ಪುಣ್ಯ ಬೇಕು, ಕೋಳಿಯ ಪಾಪ ಬೇಡ ಎಂಬ ಆ ಅರ್ಧ ಲೆಕ್ಕವನ್ನು ಜನ್ನನ ಕಾವ್ಯ ಒಪ್ಪಲಿಲ್ಲ. ಕನ್ನಡದಲ್ಲಿ ಪ್ರತೀಕಗಳ ಬಗ್ಗೆ ಇದಕ್ಕಿಂತ ಗಂಭೀರವಾದ ವಿಚಾರ ಇನ್ನೊಂದು ಕಡೆ ಸಿಗುವುದು ಕಷ್ಟ.

ಈಗ ಕೇಕಿನ ಕಡೆಗೆ ತಿರುಗಿದರೆ, ಧ್ವಜದ ಕೇಕನ್ನು ಸಮರ್ಥಿಸುವವರೂ ವಿರೋಧಿಸುವವರೂ ಇಂಥದ್ದೇ ಅರ್ಧ ಲೆಕ್ಕ ಹಾಕುವುದು ಕಾಣುತ್ತದೆ. ಅಪಮಾನವಾಯಿತೆಂದು ದೂರುವವರು ಸಕ್ಕರೆ ನಿಜಕ್ಕೂ ಧ್ವಜವೇ ಎಂದು ಒಪ್ಪಿದರೆ, ಆ ಧ್ವಜವನ್ನು ಇಡೀ ದಿನ ಕುಳಿತು ಅಳತೆ ತಪ್ಪದಂತೆ ರೂಪಿಸಿದ ಕೈಗಳ ಕೆಲಸವನ್ನೂ ಧ್ವಜಸೇವೆಯೆಂದೇ ಒಪ್ಪಬೇಕಾಗುತ್ತದೆ. ಮಾಡುವಾಗ ಬರಿಯ ಸಕ್ಕರೆಯಾಗಿದ್ದದ್ದು ಕತ್ತರಿಸುವಾಗ ಮಾತ್ರ ಧ್ವಜವಾಗುವುದು ಸಾಧ್ಯವಿಲ್ಲ. ಹಾಗೆಯೇ ದೇಶಪ್ರೇಮದ ಅಭಿವ್ಯಕ್ತಿಯೆಂದು ಕೇಕನ್ನು ಮಾಡಿಸಿ, ಅದರ ಮುಂದೆ ಎದ್ದು ನಿಂತು, ಚಿತ್ರ ತೆಗೆಸಿಕೊಂಡವರು, ಅರೆತಿಂದ ತುಂಡುಗಳ ಮೇಲಿನ ಚಕ್ರದ ಚೂರುಗಳು ಕಸದ ಡಬ್ಬಿಗೆ ಬಿದ್ದಾಗ ಅದು ಸಕ್ಕರೆ ಮಾತ್ರ ಎನ್ನುವಂತಿಲ್ಲ. ಮಧ್ವ ಪರಂಪರೆಯ ಹಿಟ್ಟಿನ ಪಶುವಿಗೂ ಜನ್ನನ ಹಿಟ್ಟಿನ ಕೋಳಿಗೂ ನಡುವೆ ಮೇಲ್ನೋಟಕ್ಕೆ ವಿರೋಧವಿದ್ದರೂ ಎರಡೂ ಒಂದು ವಿಷಯದಲ್ಲಿ ಸಮ್ಮತಿಸುತ್ತವೆ: ಪ್ರತಿನಿಧಿ ದ್ರವ್ಯವು ಕ್ರಿಯೆಯ ತೂಕವನ್ನು ಕಡಿಮೆ ಮಾಡುವುದಿಲ್ಲ. ಹಿಟ್ಟಿನಲ್ಲಿ ಮಾಡಿದ ಪೂಜೆ ಪೂರ್ಣ ಪೂಜೆ, ಹಿಟ್ಟಿನ ಮೇಲೆ ಎತ್ತಿದ ಕತ್ತಿ ಪೂರ್ಣ ಕತ್ತಿ. ಮದ್ರಾಸ್ ಹೈಕೋರ್ಟ್ ಹೇಳಿದ ಉದ್ದೇಶವೆಂಬ ಒರೆಗಲ್ಲನ್ನು ಈ ಅರ್ಥದಲ್ಲಿ ತೆಗೆದುಕೊಂಡರೆ ಅದು ತಪ್ಪಿಸಿಕೊಳ್ಳುವ ದಾರಿಯಾಗಿ ಉಳಿಯುವುದಿಲ್ಲ, ಕೊನೆಯ ತುಂಡಿನವರೆಗೆ ಹಿಂಬಾಲಿಸುವ ಹೊಣೆಯಾಗುತ್ತದೆ.

ಧ್ವಜಕ್ಕೆ ಇಷ್ಟು ಗೌರವ ಸಲ್ಲುವುದೇ ತಪ್ಪಲ್ಲವೇ, ಅದು ವಿಗ್ರಹಾರಾಧನೆಯಾಗುವುದಿಲ್ಲವೇ ಎಂಬ ಆಕ್ಷೇಪವೂ ಇದೆ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕರಗಿಹೋಗುವ, ಕಷ್ಟ ಬಂದಾಗ ಮಾರಿಕೊಳ್ಳಬಹುದಾದ ವಸ್ತುವನ್ನು ದೈವವೆಂದು ಒಪ್ಪಲು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ನಿರಾಕರಿಸಿದ. ದೇವರ ಹೊರತು ಬೇರಾವುದಕ್ಕೂ ವಂದನೆ ಸಲ್ಲದೆಂದು ನಂಬುವ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರ ಮಕ್ಕಳನ್ನು ಶಾಲೆಯಲ್ಲಿ ಧ್ವಜವಂದನೆಗೆ ಒತ್ತಾಯಿಸಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1943ರಲ್ಲಿ ತೀರ್ಪಿತ್ತಿತು. ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡದಿದ್ದ ಅದೇ ಪಂಥದ ಮಕ್ಕಳನ್ನು ಕೇರಳದ ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಭಾರತದ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಹಾಡದೆ ಎದ್ದು ನಿಂತ ಆ ಮಕ್ಕಳು ಆರಾಧನೆಗೂ ಆದರಕ್ಕೂ ಇರುವ ವ್ಯತ್ಯಾಸವನ್ನು ತಮ್ಮ ನಿಲುವಿನಲ್ಲಿಯೇ ತೋರಿಸಿದರು. ಸಕ್ಕರೆಯ ಧ್ವಜಕ್ಕೆ ಬೇಕಾದದ್ದೂ ಅಂಥ ಆದರವೇ. ಅದನ್ನು ದೈವದ ಪಟ್ಟಕ್ಕೆ ಏರಿಸಬೇಕಾಗಿಲ್ಲ.

ಇನ್ನು ಉಳಿದದ್ದು ತಿನ್ನುವ ಪ್ರಶ್ನೆ. ಗೌರವಿಸುವುದನ್ನು ತಿನ್ನಬಾರದು ಎಂಬುದು ಸ್ವತಃಸಿದ್ಧವೆಂಬಂತೆ ಈ ವಿವಾದಗಳಲ್ಲಿ ಮಾತಾಡಲಾಗುತ್ತದೆ, ಆದರೆ ಧರ್ಮಗಳ ಇತಿಹಾಸ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದನ್ನೇ ಹೇಳುತ್ತದೆ. ಕ್ರೈಸ್ತರ ಪರಮ ಪ್ರಸಾದದಲ್ಲಿ ರೊಟ್ಟಿ ಕ್ರಿಸ್ತನ ಶರೀರವೇ ಆಗುತ್ತದೆಯೇ ಅಥವಾ ಅವನ ನೆನಪಿನ ಗುರುತು ಮಾತ್ರವೇ ಎಂಬ ವಿಷಯದಲ್ಲಿ 1529ರಲ್ಲಿ ಮಾರ್ಬರ್ಗ್‌ನಲ್ಲಿ ಸೇರಿದ ಕ್ರೈಸ್ತ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಒಮ್ಮತಕ್ಕೆ ಬರಲಾರದೆ ಹೋದರು. ಆದರೆ ಅದನ್ನು ತಿನ್ನುವುದೇ ಅತ್ಯುನ್ನತ ಗೌರವವೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಕೋಯಮತ್ತೂರಿನ ಕೇಕು ಕ್ರಿಸ್‌ಮಸ್ ದಿನದ್ದೆಂಬುದನ್ನು ಇಲ್ಲಿ ನೆನೆಯಬಹುದು. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಒಯ್ಯುವ ಸಕ್ಕರೆ ಆರತಿಗಳು ಮರದ ಅಚ್ಚಿನಲ್ಲಿ ಪಾಕ ಹೊಯ್ದು ತೆಗೆದ ಬಸವಣ್ಣ (ನಂದಿ), ನವಿಲು, ತೇರುಗಳ ಗೊಂಬೆಗಳು. ಗೌರಿಯ ಮುಂದೆ ಅವುಗಳನ್ನು ಬೆಳಗುತ್ತಾರೆ, ಮನೆಗೆ ತಂದು ಮುರಿದು ಹಂಚಿ ತಿನ್ನುತ್ತಾರೆ. ಹಳೆ ಮೈಸೂರಿನ ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿಯೂ ಗೋಪುರ, ತುಳಸಿಕಟ್ಟೆಗಳು ಎಳ್ಳುಬೆಲ್ಲದ ಜೊತೆಗೆ ಬಾಯಿಗೆ ಬೀಳುತ್ತವೆ. ಬಸವಣ್ಣನ ಗೊಂಬೆಯನ್ನು ತಿಂದರೆ ಬಸವಣ್ಣನಿಗೆ ಅಪಚಾರವಾಯಿತೆಂದು ಹುಬ್ಬಳ್ಳಿಯ ಯಾವ ಅಜ್ಜಿಯೂ ಹೇಳುವುದಿಲ್ಲ, ಏಕೆಂದರೆ ಅವಳಿಗೆ ಕ್ರಮ ಗೊತ್ತು: ಮೊದಲು ಅರ್ಪಣೆ, ಆಮೇಲೆ ಹಂಚಿಕೆ, ಆಮೇಲೆ ಊಟ. ಆ ಕ್ರಮದಿಂದ ಸಕ್ಕರೆ ಪ್ರಸಾದವಾಗುತ್ತದೆ. ಕ್ರಮ ತಪ್ಪಿದರೆ ಅದೇ ಸಕ್ಕರೆ ಎಂಜಲಾಗುತ್ತದೆ.

ಧ್ವಜದ ನಿಯಮಗಳಲ್ಲಿಯೇ ಇದಕ್ಕೆ ಸಮಾನವಾದ ಒಂದು ವಿಧಿಯಿದೆ. ಹರಿದ ಅಥವಾ ಮಾಸಿದ ಧ್ವಜವನ್ನು ಎಸೆಯಬಾರದು, ಖಾಸಗಿಯಾಗಿ, ಇಡಿಯಾಗಿ, ಸಾಧ್ಯವಾದರೆ ಸುಟ್ಟು ವಿಸರ್ಜಿಸಬೇಕೆಂದು ಭಾರತದ ಧ್ವಜಸಂಹಿತೆ ಹೇಳುತ್ತದೆ. ಸಾರ್ವಜನಿಕವಾಗಿ ಅಪಮಾನದ ಭಾವದಿಂದ ಸುಟ್ಟರೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದಾದ ಅದೇ ಕ್ರಿಯೆ ಇಲ್ಲಿ ಗೌರವದ ಅಂತ್ಯಸಂಸ್ಕಾರ. ಬಟ್ಟೆಗೆ ಬೆಂಕಿಯಲ್ಲಿ ಗೌರವದ ಅಂತ್ಯವಿದ್ದರೆ ಸಕ್ಕರೆಗೆ ಆ ಅಂತ್ಯವಿರುವುದು ಬಾಯಲ್ಲಿ. ಆದ್ದರಿಂದ ಹೊದಿಸಿದ ಧ್ವಜವನ್ನು ಕೇಕಿಗೆ ಅಂಟಿಸದೆ ಪ್ರತ್ಯೇಕವಾಗಿ ಎತ್ತಿಡಬಹುದಾದ ತುಂಡಾಗಿ ಮಾಡುವುದು, ಚಾಕು ಇಡುವ ಮೊದಲು ಅದನ್ನು ಬೇರೆ ತಟ್ಟೆಗೆ ತೆಗೆಯುವುದು, ಕೇಕನ್ನು ಕತ್ತರಿಸಿ ಧ್ವಜವನ್ನು ಕೈಯಿಂದ ಮುರಿದು ಹಂಚುವುದು, ಒಂದು ಚೂರೂ ಚೆಲ್ಲದಂತೆ ನೋಡಿಕೊಳ್ಳುವುದು ಕೇವಲ ಶಿಷ್ಟಾಚಾರದ ವಿಷಯವಲ್ಲ. ಮನೆಯ, ಓಣಿಯ, ಶಾಲೆಯ ಒಂದು ತರಗತಿಯ ಆಚರಣೆಯಲ್ಲಿ ಇದು ಸಾಧ್ಯ. ಸಾವಿರಾರು ಜನರ ಸಭೆಯಲ್ಲಿ ಬಡಿಸುವವರಿಗೆ ಇಂಥ ಕ್ರಮವನ್ನು ಪಾಲಿಸಲು ವ್ಯವಧಾನವಿರುವುದಿಲ್ಲವಾದ್ದರಿಂದ ಅಲ್ಲಿ ಚಕ್ರವನ್ನೂ ಧ್ವಜದ ರೂಪವನ್ನೂ ಬಿಟ್ಟು, ಅಮೆರಿಕದ ಸಂಹಿತೆ ಎಳೆದ ಗೆರೆಯನ್ನು ನೆನೆದು, ಬಣ್ಣಗಳ ಹೂವು, ತೋರಣಗಳಿಂದ ಕೇಕನ್ನು ಸಿಂಗರಿಸುವುದು ವಿವೇಕ.

ದ್ರವ್ಯ ಮುಖ್ಯವಲ್ಲ, ಸಂಕಲ್ಪ ಮುಖ್ಯ ಎಂಬ ವಾದ ಇಷ್ಟು ದೂರ ಬಂದ ಮೇಲೆ ಒಂದು ಕಡೆ ದ್ರವ್ಯ ಮತ್ತೆ ತನ್ನ ಹಕ್ಕನ್ನು ಕೇಳುತ್ತದೆ. ಬಟ್ಟೆಯ ಧ್ವಜ ಯಾರ ದೇಹದೊಳಕ್ಕೂ ಹೋಗುವುದಿಲ್ಲ, ಸಕ್ಕರೆಯದು ಹೋಗುತ್ತದೆ. ಒಳಹೋಗುವುದಕ್ಕೆ ಪ್ರತಿಯೊಬ್ಬ ಪೌರನ ಆಹಾರಧರ್ಮವೂ ಅನ್ವಯಿಸುತ್ತದೆ. ಫಾಂಡಂಟಿಗೆ ಬಾಗುವ ಗುಣ ಕೊಡುವ ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ, ಬಹುತೇಕ ಹಂದಿ ಅಥವಾ ದನದಿಂದ ಬರುತ್ತದೆ. ಕೆಳಗಿನ ಕೇಕಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ. ಜೈನರು, ಶಾಕಾಹಾರಿಗಳಾದ ಲಿಂಗಾಯತರು ಮತ್ತು ವೈಷ್ಣವರು ಒಂದು ಕಾರಣಕ್ಕೆ, ಮುಸ್ಲಿಮರು ಇನ್ನೊಂದು ಕಾರಣಕ್ಕೆ ಅದರಿಂದ ಹಿಂದೆ ಸರಿಯಬೇಕಾಗಬಹುದು, ಮತ್ತು ಎಲ್ಲರದೂ ಆಗಿರುವುದೇ ಯಾವ ವಸ್ತುವಿನ ಸ್ವರೂಪವೋ ಅದರ ಮುಂದೆ ಕೆಲವರು ಕೈಕಟ್ಟಿ ನಿಲ್ಲುವಂತಾದರೆ ಅದು ಕತ್ತಿಯ ಗಾಯಕ್ಕಿಂತ ದೊಡ್ಡ ಗಾಯ. ಜೆಲಟಿನ್ ಬದಲು ಕಡಲಪಾಚಿಯಿಂದ ತೆಗೆದ ಅಗರ್ ಅಥವಾ ಸಸ್ಯಮೂಲದ ಅಂಟನ್ನು ಬಳಸಿದ ಫಾಂಡಂಟ್ ಈಗ ಕಷ್ಟವಿಲ್ಲದೆ ದೊರೆಯುತ್ತದೆ, ಮೊಟ್ಟೆಯಿಲ್ಲದ ಕೇಕು ಕರ್ನಾಟಕದ ಬೇಕರಿಗಳಲ್ಲಿ ಬಹುಕಾಲದಿಂದ ಇದೆ. ಕೋಯಮತ್ತೂರಿನ ಪ್ರಕರಣದಲ್ಲಿ ನ್ಯಾಯಾಲಯದ ಮುಂದೆ ಬಂದ ಪ್ರಶ್ನೆ ಕತ್ತರಿಸಿದ್ದು ತಪ್ಪೇ ಎಂಬುದಾಗಿತ್ತು. ಪಂಕ್ತಿಯಲ್ಲಿ ಕುಳಿತ ಎಲ್ಲರೂ ಇದನ್ನು ತಿನ್ನಬಲ್ಲರೇ ಎಂಬ ಪ್ರಶ್ನೆಯನ್ನು ಯಾವ ನ್ಯಾಯಾಲಯವೂ ಕೇಳುವುದಿಲ್ಲ, ಅದನ್ನು ಕೇಳಬೇಕಾದವರು ಕೇಕನ್ನು ಮಾಡಿಸುವವರು, ಬೇಕರಿಗೆ ಹೇಳಿಕಳಿಸುವ ಹೊತ್ತಿನಲ್ಲಿಯೇ.